ಗೋಡೆ ನೆಕ್ಕುವ ನಾಯಿಗೆ ಮೊದಲು ಹೊಟ್ಟೆ ನೋಡಿ

ಮಲಗುವ ಮುನ್ನ ಸುತ್ತು ಹಾಕುವುದು, ಸತ್ತ ಇಲಿಯ ಮೇಲೆ ಉರುಳಾಡುವುದು, ಹಿಂಗಾಲಿನಿಂದ ಮಣ್ಣು ಕೆದರುವುದು: ಇವು ನಾಯಿಯ ಸಹಜ ಚಾಳಿಗಳು, ಇವುಗಳ ತಂಟೆಗೆ ನಾನು ಹೋಗುವುದಿಲ್ಲ. ಹುಲ್ಲು ತಿನ್ನುವುದೂ ಹಾಗೇ. 2008ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ 1,571 ಮಾಲೀಕರ ಪೈಕಿ ಶೇ 68ರಷ್ಟು ಮಂದಿ ತಮ್ಮ ನಾಯಿ ದಿನವೂ ಅಥವಾ ವಾರಕ್ಕೊಮ್ಮೆ ಹುಲ್ಲು, ಸೊಪ್ಪು ಮೇಯುತ್ತದೆ ಎಂದಿದ್ದರು. ತಿನ್ನುವ ಮೊದಲು ಕಾಯಿಲೆ ಬಿದ್ದಂತೆ ಕಂಡದ್ದು ಶೇ 8ರಷ್ಟೇ. ಭದ್ರಾ ನಾಲೆ ಬಯಲಿನ ಗದ್ದೆ ಬದುವಿನ ಹುಲ್ಲಿಗೆ ಮಾತ್ರ ಬಿಡಬೇಡಿ, ಕಳೆನಾಶಕ ಹೊಡೆದಿರುತ್ತಾರೆ.

ನಾನು ಬೆನ್ನು ಹತ್ತುವುದು ಎರಡು ಚಾಳಿಗಳನ್ನು. ಗೋಡೆ, ನೆಲ, ಸೋಫಾವನ್ನು ಹೊತ್ತುಗಟ್ಟಲೆ ನೆಕ್ಕುವುದು ಒಂದು; ಇಲ್ಲದ ನೊಣ ಹಿಡಿಯಲು ಗಾಳಿಗೆ ಬಾಯಿ ಹಾಕುವುದು ಇನ್ನೊಂದು. ದಾವಣಗೆರೆ ಕಡೆ ಮೊದಲನೆಯದಕ್ಕೆ ‘ಉಪ್ಪು ಕಡಿಮಿ ಆಗೈತಿ’ ಅಂತಾರೆ, ಎರಡನೆಯದಕ್ಕೆ ‘ಅದಕ್ಕೇನೋ ಕಾಣ್ತತಿ’. 2012ರಲ್ಲಿ ಮಾಂಟ್ರಿಯಲ್‌ನ ಪಶುವೈದ್ಯರು ಹೀಗೆ ನೆಕ್ಕುವ 19 ನಾಯಿಗಳನ್ನು ಪರೀಕ್ಷಿಸಿದಾಗ 14ಕ್ಕೆ ಹೊಟ್ಟೆ, ಕರುಳಿನ ತೊಂದರೆ ಇತ್ತು. ಗಾಳಿಗೆ ಬಾಯಿ ಹಾಕುವವುಗಳಲ್ಲೂ ಹೊಟ್ಟೆಯ ತೊಂದರೆ ಹೆಚ್ಚಾಗಿ ಸಿಕ್ಕಿದೆ.

ಮೊದಲ ಕೆಲಸ ವಿಡಿಯೊ. ಮೂತಿಯನ್ನಷ್ಟೇ ಅಲ್ಲ, ಇಡೀ ಮೈ ಕಾಣುವಂತೆ ಎರಡು ನಿಮಿಷ ಹಿಡಿಯಿರಿ. ಮೊದಲ ನಿಮಿಷ ಮಾತಾಡಬೇಡಿ. ಆಮೇಲೆ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಕಿವಿ ತಿರುಗಿಸಿ, ನೆಕ್ಕುವುದು ಬಿಟ್ಟು ಬಂದರೆ ಹೊಟ್ಟೆಯಲ್ಲಿ ಕಾರಣ ಹುಡುಕಲು ಹೊರಡಬಹುದು. ಕಣ್ಣು ನೆಟ್ಟು, ಜೊಲ್ಲು ಸುರಿಸುತ್ತಾ, ಕರೆದದ್ದೇ ಕೇಳದಂತಿದ್ದರೆ ಫಿಟ್ಸ್ ಇರಬಹುದು. ವಿಡಿಯೊ ಡಾಕ್ಟರಿಗೆ ತೋರಿಸಿ. ನೆಕ್ಕದೆ ಹಣೆಯನ್ನು ಗೋಡೆಗೆ ಒತ್ತಿ ನಿಂತರೆ ಅವತ್ತೇ ಆಸ್ಪತ್ರೆಗೆ ಒಯ್ಯಬೇಕು, ಮೆದುಳು ಅಥವಾ ಲಿವರ್ ತೊಂದರೆ ಇರಬಹುದು.

ಜೊತೆಗೆ ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಕೊನೆಯ ಊಟವಾಗಿ ಎಷ್ಟು ತಾಸು, ತಿಂದದ್ದೇನು. ಬೆಳಗಿನ ಜಾವ ನೆಕ್ಕಾಟ ಶುರುವಾಗಿ ಹಳದಿ ನೊರೆ ಕಾರಿದರೆ ಖಾಲಿ ಹೊಟ್ಟೆಗೆ ಪಿತ್ತ ಏರಿದೆ ಎಂದೇ ಮೊದಲ ಗುಮಾನಿ. ದಿನದ ಊಟ ಹೆಚ್ಚಿಸದೆ ಅದನ್ನೇ ಮೂರು ಪಾಲು ಮಾಡಿ, ಕೊನೆಯದನ್ನು ರಾತ್ರಿ 10ಕ್ಕೆ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ.

ನಿಲ್ಲದಿದ್ದರೆ ಮಲ ಪರೀಕ್ಷೆ. ನೆಲಕ್ಕೆ ತಾಗದ ಭಾಗದಿಂದ ಚಮಚದಷ್ಟು ತೆಗೆದು ಮುಚ್ಚಳದ ಡಬ್ಬಿಯಲ್ಲಿ ಅವತ್ತೇ ಕೊಡಿ. ವಸಡು ಗುಲಾಬಿ ಬಣ್ಣ ಬಿಟ್ಟು ಬಿಳಿಚಿದ್ದರೆ ಕೊಕ್ಕೆಹುಳು ಅಥವಾ ಉಣ್ಣೆ ಕಚ್ಚಿ ಬರುವ ಜ್ವರದಿಂದ ರಕ್ತ ಕಡಿಮೆಯಾಗಿರಬಹುದು, ರಕ್ತವನ್ನೂ ನೋಡಿಸಿ. ಜಂತಿನ ಮಾತ್ರೆ ತೂಕಕ್ಕೆ ತಕ್ಕಂತೆ ಇರಬೇಕು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತಿ, ನಿಮ್ಮ ತೂಕ ಕಳೆಯಿರಿ. ಅಂದಾಜು ಮಾಡಿದರೆ ಡೋಸ್ ಕಡಿಮೆ ಬಿದ್ದು ಹುಳು ಉಳಿಯುತ್ತವೆ.

ಕೊನೆಗೆ, ಆಹಾರ ಒಗ್ಗುತ್ತಿಲ್ಲವೇ ಎಂಬ ಪರೀಕ್ಷೆ. ನಮ್ಮಲ್ಲಿ ಬಹಳ ನಾಯಿಗಳ ಊಟ ಹಾಲು-ಅನ್ನ. ಮೊದಲು ಹಾಲು ನಿಲ್ಲಿಸಿ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದು. ಆಮೇಲೆ ಡಾಕ್ಟರನ್ನು ಕೇಳಿಕೊಂಡು, ಹಿಂದೆ ತಿನ್ನದ ಒಂದೇ ಮಾಂಸ: ಕೋಳಿ ತಿಂದ ನಾಯಿಗೆ ಮೀನು. ಬೆಂದ ಅನ್ನ ಎರಡು ಪಾಲು, ಮುಳ್ಳು ತೆಗೆದ ಮೀನು ಒಂದು ಪಾಲು, ಒಗ್ಗರಣೆ ಇಲ್ಲ. ಹಳೆಯದರಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ ಒಂದು ವಾರದಲ್ಲಿ ಪೂರ್ತಿ ಬದಲಿಸಿ, ಎಂಟು ವಾರ ನಡೆಸಿ. ಮರಿಗಳಿಗೆ ಇದು ಬೇಡ, ಕ್ಯಾಲ್ಸಿಯಂ ಸಾಲದು.

ಈ ಎಂಟು ವಾರ ಬೇರೇನೂ ಬಾಯಿಗೆ ಬೀಳಬಾರದು, ಪರೀಕ್ಷೆ ಕೆಡುವುದು ಇಲ್ಲೇ. ಅಜ್ಜಿ ಚಹಾದ ಜೊತೆ ಬಿಸ್ಕತ್ತು ಹಾಕುತ್ತಾರೆ, ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚಿದಾಗ ಒಂದು ಹಿಡಿ ನೆಲಕ್ಕೆ ಬೀಳುತ್ತದೆ. ಮಂಡಕ್ಕಿಯಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮಿರ್ಚಿಯ ಎಣ್ಣೆ ಬೇರೆ. ಮಾಂಸದ ರುಚಿ ಹಚ್ಚಿದ, ಉಣ್ಣೆ ಕೊಲ್ಲುವ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ನೆಕ್ಕುವುದು ಬಿಡಿಸಲು ತಿಂಡಿ ತೋರಿಸಿದರಂತೂ ಮುಗಿಯಿತು: ನೆಕ್ಕಿದರೆ ತಿಂಡಿ ಎಂದು ಅದು ಕಲಿತುಬಿಡುತ್ತದೆ.

ಚಾಳಿ ನಿಂತರೆ ಹಳೆಯ ಊಟವನ್ನು ಬೇಕೆಂದೇ ಮತ್ತೆ ಹಾಕಿ. ಹದಿನೈದು ದಿನದೊಳಗೆ ನೆಕ್ಕಾಟ ಮರಳಿದರೆ ಕಾರಣ ಆ ಊಟವೇ. ಮರಳದಿದ್ದರೆ ಮೀನನ್ನು ಮುಂದುವರಿಸುವ ಖರ್ಚು ಬೇಕಿಲ್ಲ.