ಚರ್ಮ ಮರಗಟ್ಟಿದೆಯೇ? ಚುಚ್ಚಿ ನೋಡುವ ಕ್ರಮ

ಅಮಿಟ್ರಿಪ್ಟಿಲಿನ್ 1961ರಿಂದ ಬಳಕೆಯಲ್ಲಿರುವ ಖಿನ್ನತೆಯ ಗುಳಿಗೆ. ನರದಲ್ಲಿ ನೋವು ಸಾಗಲು ಬೇಕಾದ ಸೋಡಿಯಂ ದಾರಿಗಳನ್ನು ಮರಗಟ್ಟಿಸುವ ಔಷಧ ಲಿಡೋಕೇನ್‌ನಂತೆ ಇದೂ ಮುಚ್ಚುತ್ತದೆ. ಅದಕ್ಕೇ ಇದನ್ನು ಚರ್ಮಕ್ಕೆ ಹಚ್ಚಿ, ಮರಗಟ್ಟಿದೆಯೇ ಎಂದು ಚುಚ್ಚಿ ಪರೀಕ್ಷಿಸಿದ್ದಾರೆ. ಹುಬ್ಬಳ್ಳಿಯಲ್ಲಿ ವಿದ್ಯಾರ್ಥಿಗಳು ಲಿಡೋಕೇನ್ ಮುಲಾಮು ಹಚ್ಚಿ ಇದೇ ಚುಚ್ಚುವ ಪರೀಕ್ಷೆ ಕಲಿಯುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಅದು ಕೆಡುವುದು ಬಹುಪಾಲು ಸೂಜಿ ಹಿಡಿದವರ ಬಾಯಿಂದ.

ನೈತಿಕ ಸಮಿತಿಯ ಒಪ್ಪಿಗೆ, ನೋಂದಣಿ, ಸ್ವಯಂಸೇವಕರ ಸಹಿ ಮೊದಲು ಆಗಿರಬೇಕು. ಗುಳಿಗೆ ಕುಟ್ಟಿ ಎಣ್ಣೆಯಲ್ಲಿ ಕಲಸಿ ಮನೆಯಲ್ಲಿ ಹಚ್ಚಬೇಡಿ. ಈ ಔಷಧ ಮೈಯೊಳಗೆ ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ.

ಮುಂದೋಳಿನ ಒಳಬದಿಯಲ್ಲಿ ಪೆನ್ನಿನಿಂದ ಮೂರು ವೃತ್ತ ಬರೆಯಿರಿ. ಒಂದಕ್ಕೆ ಔಷಧ, ಒಂದಕ್ಕೆ ಬರೀ ಮುಲಾಮು, ಒಂದಕ್ಕೆ ಲಿಡೋಕೇನ್. ಯಾವುದು ಎಲ್ಲಿದೆ ಎಂಬುದು ಚುಚ್ಚುವವರಿಗೂ ತಿಳಿದಿರಬಾರದು. ಪುದೀನ ವಾಸನೆಯ ಮುಲಾಮು ಬೇಡವೇ ಬೇಡ, ಮೆಂಥಾಲ್ ತಾನೇ ತಂಪೆನಿಸಿ ಲೆಕ್ಕ ಕೆಡಿಸುತ್ತದೆ. ಆ ದಿನ ಮೆಣಸಿನಕಾಯಿ ಬಿಡಿಸಿ ಬಂದವರನ್ನೂ ಇನ್ನೊಂದು ದಿನ ಕರೆಯಿರಿ. ಮುಲಾಮನ್ನು ತಿಕ್ಕದೆ ದಪ್ಪಗೆ ಇಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ತಾಸು ಕಾಯಿರಿ. ಆಮೇಲೆ ಒರೆಸಿ.

ಈಗ ಚುಚ್ಚುವುದು. ಇಂಜೆಕ್ಷನ್ ಸೂಜಿ ಚರ್ಮ ಕೊಯ್ಯುತ್ತದೆ, ಅದು ಬೇಡ. ಒಬ್ಬರಿಗೆ ಒಂದು ಹೊಸ ಸೇಫ್ಟಿ ಪಿನ್ ಸಾಕು. ಚರ್ಮ ತುಸು ತಗ್ಗಬೇಕು, ರಕ್ತ ಜಿನುಗಬಾರದು. ಅದೇ ಒತ್ತು ಪ್ರತಿ ಸಲ ಬರುವವರೆಗೆ ಮೊದಲು ನಿಮ್ಮ ಕೈಮೇಲೇ ರೂಢಿ ಮಾಡಿಕೊಳ್ಳಿ. ಸ್ವಯಂಸೇವಕರು ಕಣ್ಣು ಮುಚ್ಚಲಿ. ಮುಲಾಮು ಹಚ್ಚದ ಜಾಗದಲ್ಲಿ ಒಮ್ಮೆ ಚುಚ್ಚಿ, ಚೂಪು ಹೇಗಿರುತ್ತದೆಂದು ತೋರಿಸಿ. ಆಮೇಲೆ ಪ್ರತಿ ವೃತ್ತದಲ್ಲೂ ಹತ್ತು ಸಲ, ನಡುನಡುವೆ ಪಿನ್ನಿನ ಮೊಂಡು ತುದಿ. ಕೇಳಬೇಕಾದ ಮಾತು ಒಂದೇ: "ಚೂಪೋ, ಮೊಂಡೋ?"

"ನೋವಾಗ್ಲಿಲ್ಲ ಅಲ್ಲ?" ಎಂದು ಕೇಳಿದರೆ ಎಲ್ಲ ಮುಗಿಯಿತು. ಗದಗ ಕಡೆಯ ಹುಡುಗನೊಬ್ಬ ಹಾಗೆ ಕೇಳಿದಾಗಲೆಲ್ಲ "ಇಲ್ರಿ ಮೇಡಂ" ಅನ್ನುತ್ತಿದ್ದ. ಬೆಂಚಿನ ಕೆಳಗೆ ಅವನ ಕಾಲ್ಬೆರಳು ಮುದುಡಿಕೊಂಡಿದ್ದವು. ದೊಡ್ಡವರ ಎದುರು ನೋವಾಯಿತೆನ್ನಲು ಮಕ್ಕಳಿಗೆ ಸಂಕೋಚ, ಆ ಸಂಕೋಚವೇ ಅಂಕಿಯಾಗಿ ಪುಸ್ತಕಕ್ಕೆ ಏರುತ್ತದೆ. ಮುಟ್ಟಿದ್ದು ತಿಳಿದು ಚೂಪು ತಿಳಿಯದಿದ್ದರೂ ನೋವು ಮರಗಟ್ಟಿದೆಯೆಂದೇ ಲೆಕ್ಕ, ಎರಡನ್ನೂ ಬೇರೆ ಬೇರೆ ಬರೆಯಿರಿ.

ಚರ್ಮ ಕೆಂಪಾದರೆ ಅದನ್ನೂ ಬರೆಯಿರಿ, ಗಾಢ ಅಮಿಟ್ರಿಪ್ಟಿಲಿನ್‌ನಿಂದ ಹಾಗಾಗುವುದುಂಟು. ತಾಸಿಗೊಮ್ಮೆ ಚುಚ್ಚಿ ಕೇಳುತ್ತಾ ಹೋಗಿ. ಮೂರೂ ವೃತ್ತಗಳಲ್ಲಿ ಚೂಪು ಚೂಪಾಗಿಯೇ ತಿಳಿದ ಹೊತ್ತನ್ನು ಗಡಿಯಾರ ನೋಡಿ ಗುರುತಿಸಿ, ಪಿನ್ನನ್ನು ಸೂಜಿ ಡಬ್ಬಿಗೆ ಹಾಕಿ.