ಪದ್ಮಿನಿಯ ಬಿಸಿ ಇಳಿಸಿದ ಹಳೇ ವಾಟರ್ ಪಂಪ್

ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರು ಬೆಳಗಾವಿ ಊರೊಳಗೆ ಸರಿಯಾಗೇ ಓಡುತ್ತಿತ್ತು. ಚೋರ್ಲಾ ಘಾಟ್ ಏರಲು ಶುರು ಮಾಡಿದರೆ ಸಾಕು, ಇಂಜಿನ್ ಬಿಸಿ. ರೇಡಿಯೇಟರ್, ಥರ್ಮೋಸ್ಟಾಟ್ ಎರಡೂ ಚೆನ್ನಾಗಿದ್ದವು. ಉಳಿದಿದ್ದು ಇಂಜಿನ್ ತಂಪಿಡಲು ನೀರು ಸುತ್ತಿಸುವ, ಹೊಸದಾಗಿ ಹಾಕಿದ ವಾಟರ್ ಪಂಪ್. ಪೆಟ್ಟಿಗೆ ಮೇಲೆ 'ಒರಿಜಿನಲ್ ಟೈಪ್' ಅಂತ ಇತ್ತು.

ಬಿಚ್ಚಿ ಹಳೆಯದರ ಪಕ್ಕ ಇಟ್ಟು ವರ್ನಿಯರ್ ಹಿಡಿದು ಅಳೆದೆ. ಹೊಸ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ, ಚಿಕ್ಕದಿತ್ತು. ಕವಚಕ್ಕೂ ರೆಕ್ಕೆಗೂ ನಡುವೆ ಸಂದು ಜಾಸ್ತಿ. ನೀರು ಮುಂದೆ ಹೋಗದೆ ಆ ಸಂದಿನಲ್ಲೇ ಹಿಂದಕ್ಕೆ ಜಾರುತ್ತದೆ.

ಹೀಗ್ಯಾಕೆ ಅಂತ ನಮ್ಮೂರ ಉದ್ಯಮಬಾಗ್‌ನ ಫೌಂಡ್ರಿ (ಎರಕದ ಕಾರ್ಖಾನೆ)ಯವರೊಬ್ಬರು ಬಿಡಿಸಿ ಹೇಳಿದರು. ಎರಕದ ಕಬ್ಬಿಣ ತಣ್ಣಗಾಗುವಾಗ ಸುಮಾರು 1% ಕುಗ್ಗುತ್ತದೆ. ಅದಕ್ಕೇ ಮರಳಲ್ಲಿ ಅಚ್ಚು ತೆಗೆಯುವ ಮಾದರಿಯನ್ನು (ಪ್ಯಾಟರ್ನ್) ಅಷ್ಟರ ಮಟ್ಟಿಗೆ ದೊಡ್ಡದಾಗಿ ಮಾಡಬೇಕು. ಹಳೇ ಭಾಗವನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದರೆ 70 ಮಿ.ಮೀ. ಇದ್ದದ್ದು 69.3ಕ್ಕೆ ಇಳಿಯುತ್ತದೆ. ಹಳೆಯದು ಸವೆದಿದ್ದರೆ ಆ ಸವೆತವೂ ನಕಲಿಗೆ ಬರುತ್ತದೆ. ನೋಡಲು ಮಾತ್ರ ಥೇಟ್ ಅಸಲಿ!

ಹಳೇ ಪಂಪಿನ ಕವಚ, ಇಂಪೆಲ್ಲರ್ ಗಟ್ಟಿಯಾಗೇ ಇದ್ದವು. ಹೋಗಿದ್ದು ಬೇರಿಂಗ್ ಮತ್ತು ಸೀಲ್ ಅಷ್ಟೇ. ಅವೆರಡನ್ನೂ ಹೊಸದು ತಂದೆ. ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿ, ಫೀಲರ್ ಗೇಜ್ ಇಟ್ಟು ಸಂದು ನೋಡಿಯೇ ಕೂರಿಸಿದೆವು. ಈಗ ಘಾಟ್ ಏರಿದರೂ ಇಂಜಿನ್ ಬಿಸಿ ತೋರಿಸುವ ಮುಳ್ಳು ಅಲ್ಲಾಡುವುದಿಲ್ಲ.

ಹಳೇ ಭಾಗವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಅಂಗಡಿಗೆ ಹೋಗುವಾಗ ಅದನ್ನೂ ವರ್ನಿಯರನ್ನೂ ಜೊತೆಗೆ ಒಯ್ಯಿರಿ. ಅಳೆಯಲು ಬಿಡದ ಅಂಗಡಿಯಲ್ಲಿ ನಾನಂತೂ ಏನೂ ಕೊಳ್ಳುವುದಿಲ್ಲ.