ಕುಬ್ಜ ಕುಲವೊಂದರ ಯುದ್ಧಚರಿತ್ರೆಯನ್ನು ಬರೆದ ಬಗೆ

ಶಿರಸಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಆಡುವ ಪಾತ್ರಾಭಿನಯದ ಆಟಕ್ಕಾಗಿ ಒಂದು ಕಲ್ಪಿತ ಲೋಕವನ್ನು ಕಟ್ಟುತ್ತ ಬಂದಿದ್ದೇವೆ. ಆ ಲೋಕದ ಬೆಟ್ಟಗಳಲ್ಲಿ ವಾಸಿಸುವ ಕಿಟ್ಟದಮನೆ ಎಂಬ ಕುಬ್ಜ ಕುಲದ ಚರಿತ್ರೆಯನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಕುಬ್ಜರು ಕೊಡಲಿ ಹಿಡಿದು ಕಾದುವವರು, ಹಗೆಯನ್ನು ಮರೆಯದವರು ಎಂಬಷ್ಟನ್ನು ಆಟಗಾರರು ಮೊದಲೇ ತಿಳಿದಿರುತ್ತಾರೆ. ಆದರೆ ಒಂದು ಕುಲ ತಲೆತಲಾಂತರ ಯುದ್ಧದಲ್ಲಿಯೇ ಬದುಕಿತೆಂದರೆ, ಅದರ ಕಾರಣಗಳು ಬರಿಯ ಸ್ವಭಾವದಲ್ಲಿ ಮುಗಿಯದೆ ಕಾಡಿನಲ್ಲಿ, ಘಟ್ಟದ ದಾರಿಯಲ್ಲಿ, ಮನೆಯ ಉಗ್ರಾಣದಲ್ಲಿ ಕಾಣಿಸಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಈ ಕುಬ್ಜರ ಮೂಲವಿರುವುದು ಉತ್ತರ ಯುರೋಪಿನ ಪುರಾಣಗಳಲ್ಲಿ. ಅಲ್ಲಿ ಅವರು ಎಲ್ಲಕ್ಕಿಂತ ಮೊದಲು ಕಮ್ಮಾರರು. ಥಾರ್ ದೇವತೆಯ ಸುತ್ತಿಗೆಯನ್ನು ಮಾಡುವಾಗ ತಿದಿ ಒತ್ತುತ್ತಿದ್ದ ಬ್ರೊಕ್ ಎಂಬ ಕುಬ್ಜನ ಕಣ್ಣಿನ ರೆಪ್ಪೆಗೆ ನೊಣವೊಂದು ಕಚ್ಚಿತೆಂದೂ, ಅದನ್ನು ಓಡಿಸಲು ಅವನು ಅರೆಗಳಿಗೆ ಕೈಬಿಟ್ಟ ಕಾರಣ ಸುತ್ತಿಗೆಯ ಹಿಡಿ ಗಿಡ್ಡವಾಯಿತೆಂದೂ ಕಥೆಯಿದೆ. ಇದನ್ನು ಓದಿದ ಮೇಲೆ ನನ್ನ ಚರಿತ್ರೆ ರಣರಂಗವನ್ನು ಬಿಟ್ಟು ಕುಲುಮೆಯಿಂದಲೇ ಆರಂಭವಾಗಬೇಕೆಂದು ತೀರ್ಮಾನಿಸಿದೆ.

ಅದಕ್ಕಾಗಿ ಇಲ್ಲಿಯ ಕುಲುಮೆಯೊಂದರಲ್ಲಿ ಕುಳಿತು ಕೆಲಸವನ್ನು ನೋಡಿದೆ. ಕತ್ತಿಯನ್ನು ಬೆಂಕಿಗಿಡುವ ಮುನ್ನ ಆಚಾರಿಯವರು ಕಿಟಕಿಯ ಹಲಗೆಯನ್ನು ಮುಚ್ಚಿಸಿ, "ಬೆಳಕು ಜಾಸ್ತಿ ಆದ್ರೆ ಬಣ್ಣ ತಿಳೂದಿಲ್ಲ ತಮ್ಮಾ" ಎಂದರು. ಕತ್ತಲಲ್ಲಿ ಕಬ್ಬಿಣ ಮಂದ ಕೆಂಪಿನಿಂದ ಕಿತ್ತಳೆಗೆ ಏರುವುದನ್ನು ಅವರು ಕಣ್ಣಳತೆಯಲ್ಲಿಯೇ ಹಿಡಿಯುತ್ತಿದ್ದರು. ಬಳಿಕ ಕತ್ತಿಯ ಬಾಯಿಯನ್ನಷ್ಟೇ ನೀರಿನಲ್ಲಿ ಅದ್ದಿ, ಬೇಗಬೇಗನೆ ಕಲ್ಲಿನಿಂದ ಉಜ್ಜಿ ಹೊಳಪು ತರಿಸಿ, ಬಾಗಿಲಿಗೆ ಬಂದು ಬೆಳಕಿಗೆ ಹಿಡಿದರು. ಬೆನ್ನಿನಲ್ಲಿ ಉಳಿದಿದ್ದ ಕಾವು ಬಾಯಿಯತ್ತ ಹರಿದಂತೆ ಒಣಹುಲ್ಲಿನ ಬಣ್ಣದ ಗೆರೆಯೊಂದು ಮುಂದೆ ಸರಿಯಿತು. ಅದು ನೀಲಿಗೆ ತಿರುಗುವ ಮೊದಲೇ ಕತ್ತಿ ಮತ್ತೆ ನೀರಿಗಿಳಿಯಿತು. ಕಾಯಿಸುವುದಕ್ಕೆ ಕತ್ತಲೆ ಬೇಕು, ಹದ ನೋಡುವುದಕ್ಕೆ ಬೆಳಕು ಬೇಕು. ಕುಬ್ಜರು ಬೆಟ್ಟದ ಹೊಟ್ಟೆಯಲ್ಲಿ ಏಕೆ ವಾಸಿಸುತ್ತಾರೆ ಎಂಬ ಪ್ರಶ್ನೆಗೆ ನನಗೆ ಅಲ್ಲಿಯೇ ಉತ್ತರ ದೊರೆಯಿತು. ಅಷ್ಟೇ ಅಲ್ಲದೆ, ಒಳಗೆ ಎಷ್ಟೇ ಭದ್ರವಾಗಿದ್ದರೂ ಆಯುಧಕ್ಕೆ ಹದ ಕೊಡಲು ಅವರು ಗವಿಯ ಬಾಯಿಗೆ ಬರಲೇಬೇಕಾದ್ದರಿಂದ, ಶತ್ರುಗಳು ಮುತ್ತಿಗೆ ಹಾಕುವ ಸ್ಥಳವೂ ಗೊತ್ತಾಯಿತು. ನನ್ನ ಚರಿತ್ರೆಯ ದೊಡ್ಡ ಕಾಳಗಗಳೆಲ್ಲ ಗವಿಯ ಬಾಯಿಯಲ್ಲಿಯೇ ನಡೆಯುತ್ತವೆ.

ಮೊದಲ ಯುದ್ಧದ ಕಾರಣ ಇದ್ದಿಲು. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಿದಿಯಿಂದ ಊದುವ ಹಳೆಯ ಮಾದರಿಯ ಮಣ್ಣಿನ ಒಲೆಯ ಕಾವು ಸುಮಾರು 1200 ಡಿಗ್ರಿಯ ಆಸುಪಾಸಿನದು. ಹೀಗಾಗಿ ಅದರಲ್ಲಿ ಕಬ್ಬಿಣ ಕರಗದೆ, ಕಿಟ್ಟ ಮಾತ್ರ ಕರಗಿ ಹರಿದುಹೋಗಿ, ಸ್ಪಂಜಿನಂಥ ಉಂಡೆ ಉಳಿಯುತ್ತದೆ. ಅದನ್ನು ಬಡಿದು ಬಡಿದು ಗಟ್ಟಿ ಮಾಡಬೇಕು. ಇದ್ದಿಲು ಇಲ್ಲಿ ಕಾವನ್ನು ಕೊಡುವುದರ ಜೊತೆಗೆ ಅದಿರಿನೊಳಗಿನ ಆಮ್ಲಜನಕವನ್ನೂ ಸೆಳೆದು ತೆಗೆಯುತ್ತದೆ. ದೊರೆಯುವ ಕಬ್ಬಿಣದ ಹಲವು ಪಟ್ಟು ಇದ್ದಿಲು ಬೇಕು, ಒಂದು ಕಿಲೋ ಇದ್ದಿಲಿಗೆ ನಾಲ್ಕೈದು ಕಿಲೋ ಕಟ್ಟಿಗೆಯಾದರೂ ಬೇಕು. ಅಂದರೆ ನೂರು ಕೊಡಲಿಗಳ ಪಡೆಯ ಹಿಂದೆ ಬೋಳಾದ ಒಂದು ಇಳಿಜಾರು ಇದ್ದೇ ಇರುತ್ತದೆ. ಕಿಟ್ಟದಮನೆಯವರು ತಮ್ಮ ಕಾಡನ್ನು ಮುಗಿಸಿದ ಮೇಲೆ ಪಕ್ಕದವರ ಕಾಡಿಗೆ ಕೈಹಾಕಿದರು.

ಎರಡನೆಯ ಕಾರಣವನ್ನು ನಮ್ಮ ಜಿಲ್ಲೆಯ ಭೂಗೋಳವೇ ಒದಗಿಸಿತು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುತ್ತದೆ, ಘಟ್ಟದ ಮೇಲೆ ಕಾಳುಮೆಣಸು ಬೆಳೆಯುತ್ತದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಅಘನಾಶಿನಿ ನದಿಯ ಬಳಿಯ ಮಿರ್ಜಾನ್ ಕೋಟೆಯನ್ನು ನೋಡಿದವರಿಗೆ, ನದಿಯ ದಾರಿಯನ್ನು ಹಿಡಿದವರ ಕೈಯಲ್ಲಿ ಘಟ್ಟದ ವ್ಯಾಪಾರವೂ ಇರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನನ್ನ ಲೋಕದಲ್ಲಿ ಕರಾವಳಿಯ ಒಡೆಯರು ಎತ್ತಿನ ಹೇರುಗಳನ್ನು ತಡೆದು, ಕತ್ತಿಯನ್ನೇ ಎತ್ತದೆ ಕುಬ್ಜರನ್ನು ಉಪ್ಪಿಲ್ಲದಂತೆ ಮಾಡುತ್ತಾರೆ. ಕುಬ್ಜರು ಘಟ್ಟವಿಳಿದು ಕೋಟೆಯನ್ನು ಗೆಲ್ಲುತ್ತಾರೆ. ಹಡಗುಗಳಿಲ್ಲದ ಕಾರಣ ಅದನ್ನು ಉಳಿಸಿಕೊಳ್ಳಲಾರರು.

ಇಷ್ಟಾದರೂ ಚರಿತ್ರೆಗೆ ಒಂದು ರೂಪ ಬಂದಿರಲಿಲ್ಲ. ಅದನ್ನು ಕೊಟ್ಟದ್ದು ವೀರಗಲ್ಲುಗಳು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವಂಥ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕನ್ನಡದ ವೀರಗಲ್ಲು ಶಾಸನಗಳು ಮಡಿದ ಕಾರಣವನ್ನೂ ಹೇಳುತ್ತವೆ: ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಣ್ಣುಮಕ್ಕಳ ಮೇಲಿನ ದಾಳಿಯಿಂದೆದ್ದ ಗೋಳು). ಆಳುವ ಅರಸ ಯಾರು, ಸತ್ತವನು ಯಾರ ಮಗ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಯಾವ ಭೂಮಿ ಸಂದಿತು ಎಂಬ ವಿವರಗಳೂ ಎಷ್ಟೋ ಕಲ್ಲುಗಳಲ್ಲಿ ದೊರೆಯುತ್ತವೆ. ಆದ್ದರಿಂದ ನಾನು ಪ್ರತಿ ಅಧ್ಯಾಯವನ್ನೂ ಒಬ್ಬ ಮಡಿದ ಕುಬ್ಜನ ಕಲ್ಲಿನ ಬರಹವಾಗಿಯೇ ಬರೆದೆ. ಹಾಗೆ ಬರೆಯುತ್ತ ಹೋದಾಗ ಈ ಕುಲದ ಯುದ್ಧಪ್ರೀತಿಯ ಒಳಗುಟ್ಟು ಸ್ಪಷ್ಟವಾಯಿತು. ಸತ್ತವನ ಮನೆಗೆ ಕಾಡಿನ ಒಂದು ಪಾಲನ್ನು ಕೊಡುಗೆಯಾಗಿ ಕೊಡುವುದು ಅವರ ಧರ್ಮ; ಕೊಡಲು ಕಾಡು ಉಳಿಯದಿದ್ದಾಗ ಹೊಸ ಕಾಡನ್ನು ಗೆಲ್ಲಬೇಕು; ಗೆಲ್ಲುವಾಗ ಮತ್ತಷ್ಟು ಜನ ಸಾಯುತ್ತಾರೆ, ಅವರ ಮನೆಗಳಿಗೂ ಕೊಡುಗೆ ಸಲ್ಲಬೇಕು. ಯಾವ ಮುಖಂಡನೂ ಕ್ರೂರಿಯಾಗಬೇಕಾಗಿಲ್ಲ. ಸತ್ತವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ನಿಷ್ಠೆಯೇ ಅವರನ್ನು ಮುಂದಿನ ಯುದ್ಧಕ್ಕೆ ಒಯ್ಯುತ್ತದೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾದ ಭಾಗ ಇದೇ.

ಕುಲದ ಮೂಲಪುರುಷನ ಕಥೆಗೆ ತಾಳಗುಂದದ ಸ್ತಂಭಶಾಸನ ನೆರವಾಯಿತು. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನಗೊಂಡು ಆಯುಧ ಹಿಡಿದು, ಶ್ರೀಪರ್ವತದವರೆಗಿನ ದುರ್ಗಮ ಅರಣ್ಯದಲ್ಲಿ ನೆಲೆನಿಂತು ಪಲ್ಲವರನ್ನು ಕಾಡಿದ ಪ್ರಸಂಗ ಅದರಲ್ಲಿದೆ. ದೊಡ್ಡ ಸೈನ್ಯಕ್ಕೆ ಸಣ್ಣ ಪಡೆಯೊಂದು ಕಾಡಿನ ಬಲದಿಂದ ಎದುರು ನಿಲ್ಲಬಲ್ಲದು ಎಂಬ ಆಧಾರ ನನಗೆ ಅಷ್ಟರಿಂದಲೇ ಸಿಕ್ಕಿತು. ಆ ಶಾಸನವನ್ನು ರಚಿಸಿದ ಕವಿಯ ಹೆಸರು ಕುಬ್ಜ. ಕಿಟ್ಟದಮನೆಯ ಕಲ್ಲುಗಳನ್ನು ಕೆತ್ತುವವನಿಗೆ ನಾನು ಗೌರವದಿಂದ ಅದೇ ಹೆಸರನ್ನು ಇಟ್ಟಿದ್ದೇನೆ.

ಕುಬ್ಜರ ಆಯುಸ್ಸನ್ನು ಇನ್ನೂರು ವರ್ಷ ಎಂದು ನಿಗದಿ ಮಾಡಿದ್ದರಿಂದ, ಉಪ್ಪಿನ ಯುದ್ಧವನ್ನು ಕಣ್ಣಾರೆ ಕಂಡವರು ಇಂದಿಗೂ ಕುಲದ ಸಭೆಯಲ್ಲಿ ಕುಳಿತಿದ್ದಾರೆ. ಸಂಧಿಯ ಪ್ರಸ್ತಾಪ ತರುವ ಆಟಗಾರ ಅವರನ್ನು ಎದುರಿಸಬೇಕು, ಯಾವ ಮನೆಗೆ ಯಾವ ಕಾಡು ಸಂದಿದೆ ಎಂಬುದನ್ನು ಓದಿಕೊಂಡು ಬರಬೇಕು. ಈಗ ಇದೇ ಯುದ್ಧವನ್ನು ಕರಾವಳಿಯವರ ಕಡೆಯಿಂದ ಬರೆಯಲು ತೊಡಗಿದ್ದೇನೆ. ಅವರು ವೀರಗಲ್ಲು ನಿಲ್ಲಿಸುವವರಲ್ಲವಾದ್ದರಿಂದ, ಆ ಭಾಗವೆಲ್ಲ ಬಂದರಿನ ಸುಂಕದ ಕಡತದ ರೂಪದಲ್ಲಿರುತ್ತದೆ.